ಆ ಮಳೆ ಯಾವ ತಾರೀಖಿನದು?

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಹೋದ ಸಲ ಈ ಅಂಕಣದ ಕೊನೆಯಲ್ಲಿ ಎರಡು ಸಾಲು ಬರೆದಿದ್ದೆ. ಕಾಲೇಜಿನಲ್ಲಿ ಭೂವಿಜ್ಞಾನ, ಭೂಗೋಳ ಓದುವವರು ಪುಸ್ತಕದ ನಕ್ಷೆ ನೋಡಿ ಮಳೆ ಬಗ್ಗೆ ಬರೆದಿದ್ದು ಸಾಕು, ನಿಜವಾದ ಹವಾಮಾನದ ಅಂಕಿಗಳನ್ನೇ ಕಂಪ್ಯೂಟರಿನಲ್ಲಿ ತೆರೆದು ನೋಡಲಿ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಚಿತ್ರದುರ್ಗ, ದಾವಣಗೆರೆ ಕಡೆಯವರದ್ದೇ ಜಾಸ್ತಿ. ಮಳೆ ಕಡಿಮೆ ಇರುವ ಊರಿನವರಿಗೇ ಮಳೆಯ ಮಾತು ಹೆಚ್ಚು, ಅಲ್ವಾ. ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟುಬಿಟ್ಟಿದ್ದೇನೆ. ಮಂಡಿನೋವಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಾರ್, ನಾನು ಎಂ.ಎಸ್ಸಿ. ಭೂವಿಜ್ಞಾನ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಚಿತ್ರದುರ್ಗ ಜಿಲ್ಲೆಯ ಮೂವತ್ತು ವರ್ಷದ ಮಳೆ ಅಂಕಿ ಬೇಕು. ಒಂದು ಕಚೇರಿಗೆ ಮೂರು ಸಲ ಅಲೆದೆ, ಪತ್ರ ಬರೆಸಿಕೊಂಡು ಬಾ ಅಂದರು, ಬರೆಸಿಕೊಂಡು ಹೋದರೆ ಸಾಹೇಬರಿಲ್ಲ ಅಂದರು. ದುಡ್ಡು ಕೊಟ್ಟಾದರೂ ಎಲ್ಲಿ ಸಿಗುತ್ತದೆ ಹೇಳಿ.
- ವಿದ್ಯಾರ್ಥಿನಿ, ದಾವಣಗೆರೆ

ದುಡ್ಡು ಬೇಡಮ್ಮ, ಅಲೆದಾಟವೂ ಬೇಡ. ಕೂತಲ್ಲೇ ಸಿಗುತ್ತದೆ.

ಭಾರತ ಹವಾಮಾನ ಇಲಾಖೆ, ಅಂದರೆ 1875ರಲ್ಲಿ ಶುರುವಾದ ನಮ್ಮ ಐಎಂಡಿ, ಅದರ ಪುಣೆ ಕಚೇರಿಯ ವೆಬ್‌ಸೈಟಿನಲ್ಲಿ ಇಡೀ ದೇಶದ ದಿನದಿನದ ಮಳೆ ಇಟ್ಟಿದೆ. 1901ರಿಂದ ಶುರು. ನಿನ್ನ ಅಜ್ಜಿಯ ಅಜ್ಜಿ ನೋಡಿದ ಮಳೆಯೂ ಅದರಲ್ಲಿರಬಹುದು. ದೇಶವನ್ನೆಲ್ಲ ಅಕ್ಷಾಂಶ, ರೇಖಾಂಶದ ಕಾಲು ಡಿಗ್ರಿಯ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೆ ದಿನಕ್ಕೊಂದು ಸಂಖ್ಯೆ ಕೊಟ್ಟಿದ್ದಾರೆ. ಅಡ್ಡಕ್ಕೆ 135, ಉದ್ದಕ್ಕೆ 129 ಬಿಂದು. ಒಂದು ವರ್ಷದ ಫೈಲು ಸುಮಾರು 25 ಎಂಬಿ, ಒಂದೆರಡು ಸಿನಿಮಾ ಹಾಡಿನ ವಿಡಿಯೋದಷ್ಟು. ಮೂವತ್ತು ವರ್ಷದ್ದು ಒಂದು ಪೆನ್‌ಡ್ರೈವಿನ ಮೂಲೆಗೂ ಸಾಲದು. ಉಷ್ಣಾಂಶದ್ದೂ ಇದೆ, ಅದು 1951ರಿಂದ, ಆದರೆ ಚೌಕ ಪೂರ್ತಿ ಒಂದು ಡಿಗ್ರಿಯದ್ದು.

ಗಾಳಿ, ತೇವಾಂಶ, ಮಣ್ಣಿನ ಹಸಿ ಇವೆಲ್ಲ ಬೇಕು, ಅದೂ ಗಂಟೆಗಂಟೆಗೆ ಬೇಕು ಅಂದರೆ ಯುರೋಪಿನವರ ಇಆರ್‌ಎ-5 ಎಂಬ ಅಂಕಿ ಸಂಗ್ರಹ ಇದೆ. 1940ರಿಂದ ಈಚಿನದು. ಹೆಸರು ನೋಂದಾಯಿಸಿಕೊಂಡರೆ ಉಚಿತ. ಇಡೀ ಭೂಮಿಯದ್ದನ್ನು ಇಳಿಸಿಕೊಳ್ಳಲು ಹೋಗಬೇಡ, ಹಾಸ್ಟೆಲಿನ ವೈಫೈ ಸತ್ತೇ ಹೋಗುತ್ತದೆ. ಉತ್ತರ 15, ದಕ್ಷಿಣ 13.5, ಪಶ್ಚಿಮ 76, ಪೂರ್ವ 77 ಎಂದು ಕೊಟ್ಟರೆ ಹೆಚ್ಚುಕಡಿಮೆ ನಿನ್ನ ಜಿಲ್ಲೆಯನ್ನಷ್ಟೇ ಕತ್ತರಿಸಿ ಕೊಡುತ್ತಾರೆ. ಇದಕ್ಕಿಂತ ಸುಲಭದ್ದು ನಾಸಾದ ಪವರ್ ಎಂಬ ತಾಣ. ನಕ್ಷೆಯ ಮೇಲೆ ಊರು ಒತ್ತಿದರೆ ಸೀದಾ ಎಕ್ಸೆಲ್‌ನಲ್ಲಿ ತೆರೆಯುವ ಫೈಲು ಬರುತ್ತದೆ, ದಿನದ ಅಂಕಿ 1981ರಿಂದ ಇದೆ. ಆದರೆ ಚೌಕ ಇನ್ನೂ ದೊಡ್ಡದು, ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಜಿಲ್ಲೆಯೊಳಗಿನ ತಾಲ್ಲೂಕು ತಾಲ್ಲೂಕಿನ ವ್ಯತ್ಯಾಸ ನೋಡಲು ಅದು ಸಾಲದು.

ಇನ್ನು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದ್ದು ಬೇಕಾದರೆ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೇ ಇದೆ. 1988ರಲ್ಲಿ ಬರಗಾಲ ನೋಡಿಕೊಳ್ಳುವ ಸಣ್ಣ ಘಟಕವಾಗಿ ಹುಟ್ಟಿದ್ದು. ಈಗ ಪಂಚಾಯಿತಿಗೊಂದರಂತೆ ಮಳೆ ಮಾಪಕ ಇಟ್ಟಿದ್ದಾರೆ, ಕಾಲು ಗಂಟೆಗೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಬೇರೆ ರಾಜ್ಯದ ಗೆಳೆಯರಿಗೆ ಇದನ್ನು ಹೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ.

ಒಂದು ಮಾತು. ಪ್ರಾಜೆಕ್ಟಿನಲ್ಲಿ ಅಂಕಿ ಎಲ್ಲಿಂದ ತಂದೆ, ಯಾವ ಚೌಕ, ಯಾವ ದಿನ ಇಳಿಸಿಕೊಂಡೆ ಎಂದು ಮೊದಲ ಪುಟದಲ್ಲೇ ಬರಿ. ಪರೀಕ್ಷಕರು ಕೇಳದಿದ್ದರೂ ಬರಿ.

ಪ್ರಶ್ನೆ: ಮೇಷ್ಟ್ರೇ, ಮಳೆ ಫೈಲು ಇಳಿಸಿಕೊಂಡೆ, ತೆರೆದರೆ ಎಕ್ಸೆಲ್‌ನಲ್ಲಿ ಬರೀ ಪೆಟ್ಟಿಗೆ ಪೆಟ್ಟಿಗೆ, ವಿಚಿತ್ರ ಅಕ್ಷರ. ವೈರಸ್ಸಾ?
- ಹೊಳಲ್ಕೆರೆಯಿಂದ ಒಬ್ಬ ಬಿ.ಎಸ್ಸಿ. ಹುಡುಗ

ವೈರಸ್ ಅಲ್ಲ ಕಣಪ್ಪ. ಅದು ನೆಟ್‌ಸಿಡಿಎಫ್ ಫೈಲು. ಎಕ್ಸೆಲ್‌ಗೆ ಅದು ತಿಳಿಯುವುದಿಲ್ಲ.

ಎಕ್ಸೆಲ್ ಹಾಳೆಗೆ ಅಡ್ಡ, ಉದ್ದ ಎರಡೇ. ಹವಾಮಾನಕ್ಕೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಅಂತ ನಾಲ್ಕು ದಿಕ್ಕು. ಮೆಣಸಿನಕಾಯಿ ಮೂಟೆಯ ಹಾಗೆ ಒಂದರ ಮೇಲೊಂದು ಪೇರಿಸಿಟ್ಟ ಹಾಳೆಗಳು ಅಂದುಕೋ. ಪ್ರತಿ ದಿನಕ್ಕೊಂದು ಹಾಳೆ. ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು, ಫೈಲು ತನ್ನ ಜಾತಕವನ್ನು ತಾನೇ ಹೊತ್ತುಕೊಂಡಿರುತ್ತದೆ. ಈ ಸಂಖ್ಯೆ ಮಳೆಯದ್ದು, ಅಳತೆ ಮಿಲಿಮೀಟರು, ದಿನದ ಎಣಿಕೆ ಇಂಥ ತಾರೀಖಿನಿಂದ, ಅಂಕಿ ಇಲ್ಲದ ಕಡೆ ಇಂಥ ಗುರುತು ಹಾಕಿದೆ, ಎಲ್ಲವೂ ಒಳಗೇ ಬರೆದಿರುತ್ತದೆ. ಹತ್ತು ವರ್ಷ ಬಿಟ್ಟು ತೆರೆದರೂ ಇದೇನಿದು ಅಂತ ತಲೆ ಕೆರೆದುಕೊಳ್ಳಬೇಕಿಲ್ಲ.

ಇದನ್ನು ಮಾಡಿದವರ ಕಥೆ ಹೇಳಲೇಬೇಕು. ಅಮೆರಿಕದ ಕೊಲರಾಡೋದ ಬೋಲ್ಡರ್ ಎಂಬ ಊರಲ್ಲಿ ಯುನಿಡೇಟಾ ಅಂತ ಒಂದು ಕೇಂದ್ರ ಇದೆ. 1984ರಲ್ಲಿ ಶುರುವಾಯಿತು. ವಿಶ್ವವಿದ್ಯಾಲಯದ ಮೇಷ್ಟ್ರು, ಮಕ್ಕಳಿಗೆ ಹವಾಮಾನದ ಅಂಕಿ ಬಿಸಿಬಿಸಿಯಾಗಿ ಸಿಗಬೇಕು, ಅದನ್ನು ನೋಡುವ ಸಾಫ್ಟ್‌ವೇರೂ ಸಿಗಬೇಕು, ಅದಕ್ಕೇ ಹುಟ್ಟಿದ್ದು. ಆ ದೇಶದ ವಿಜ್ಞಾನ ಪ್ರತಿಷ್ಠಾನದ ದುಡ್ಡು. ಎಲ್‌ಡಿಎಂ ಅಂತ ಒಂದು ಸಾಫ್ಟ್‌ವೇರ್ ಮಾಡಿದರು. ಪೇಪರ್ ಹಾಕುವ ಹುಡುಗ ಬೆಳಿಗ್ಗೆ ಬಾಗಿಲಿಗೇ ತಂದು ಎಸೆಯುತ್ತಾನಲ್ಲ, ಹಾಗೆ ಅಂಕಿ ಬಂದ ಕೂಡಲೇ ಒಂದು ವಿಭಾಗದ ಕಂಪ್ಯೂಟರಿನಿಂದ ಇನ್ನೊಂದಕ್ಕೆ ಅದು ತಾನೇ ತಳ್ಳುತ್ತದೆ. ನೆಟ್‌ಸಿಡಿಎಫ್ ಬಂದಿದ್ದು 1980ರ ದಶಕದ ಕೊನೆಗೆ. ಮೋಡ, ಗಾಳಿಯನ್ನು ಮೂರು ಆಯಾಮದಲ್ಲಿ ತಿರುಗಿಸಿ ತೋರಿಸುವ ಐಡಿವಿ, ಆಮೇಲೆ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಗೆ ಮೆಟ್‌ಪೈ, ಇವೂ ಅವರದ್ದೇ. ಎಲ್ಲ ಬಿಟ್ಟಿ, ಒಳಗಿನ ಕೋಡ್ ಕೂಡ ತೆರೆದಿಟ್ಟಿದ್ದಾರೆ. 2025ರ ಮೇ ತಿಂಗಳಲ್ಲಿ ಅನುದಾನ ಬರುವುದು ನಿಂತು ಬಹುಪಾಲು ಕೆಲಸ ನಿಲ್ಲಿಸಬೇಕಾಗಿ ಬಂತು, ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಆದರೂ ಅವರ ಸಾಫ್ಟ್‌ವೇರ್ ಇಲ್ಲಿ ನಮ್ಮ ಕಂಪ್ಯೂಟರಿನಲ್ಲಿ ಓಡುತ್ತಲೇ ಇತ್ತು. ತೆರೆದಿಟ್ಟಿದ್ದರ ಲಾಭ ಅದು.

ನಿನಗೆ ಈಗ ಬೇಕಾಗಿದ್ದು ಇಂಥ ಫೈಲು ತೆರೆದು ತೋರಿಸುವ ಪ್ಯಾನೊಪ್ಲಿ ಎಂಬ ಸಾಫ್ಟ್‌ವೇರ್. ನಾಸಾದವರದ್ದು, ಉಚಿತ. ಅದು ಓಡಲು ಬೇಕಾದ ಜಾವಾ ಎಂಬ ಸಾಫ್ಟ್‌ವೇರನ್ನು ಮೊದಲು ಹಾಕಿಕೋ. ಫೈಲನ್ನು ಎಳೆದು ಅದರೊಳಗೆ ಬಿಟ್ಟರೆ ಐದು ನಿಮಿಷದಲ್ಲಿ ನಕ್ಷೆ. ಒಂದು ಸಾಲು ಕೋಡ್ ಬೇಡ.

ಪ್ರಶ್ನೆ: ಕಲ್ಲು ಓದುವವರಿಗೆ ಹವಾಮಾನ ಯಾಕೆ ಸ್ವಾಮಿ? ನಮ್ಮ ಕಾಲದಲ್ಲಿ ಸುತ್ತಿಗೆ, ದಿಕ್ಸೂಚಿ ಹಿಡಿದು ಗುಡ್ಡ ಹತ್ತುತ್ತಿದ್ದೆವು. ಈಗಿನ ಹುಡುಗರು ಎಸಿ ರೂಮಲ್ಲಿ ಬಣ್ಣಬಣ್ಣದ ನಕ್ಷೆ ಮಾಡುತ್ತಾರೆ.
- ನಿವೃತ್ತ ಭೂವಿಜ್ಞಾನಿ, ಚಿತ್ರದುರ್ಗ

ಅರ್ಧ ಒಪ್ಪುತ್ತೇನೆ. ಮರಡಿಹಳ್ಳಿಯ ದಿಂಬುಗಲ್ಲು ನೋಡದೆ, ಸಮುದ್ರದ ತಳದಲ್ಲಿ ಉಕ್ಕಿ ದಿಂಬಿನ ಹಾಗೆ ಹೆಪ್ಪುಗಟ್ಟಿದ ಆ ಲಾವಾವನ್ನು ಕೈಯಿಂದ ಮುಟ್ಟದೆ, ಚಿತ್ರದುರ್ಗದಲ್ಲಿ ಭೂವಿಜ್ಞಾನ ಓದಿದೆ ಅನ್ನುವವರನ್ನು ನಾನೂ ನಂಬುವುದಿಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಊರ ಪಕ್ಕದಲ್ಲೇ ಇದೆ.

ಆದರೆ ಆ ಹುಡುಗರಿಗೆ ನಾಳೆ ಸಿಗುವ ಕೆಲಸ ಯಾವುದು ಹೇಳಿ. ಬೋರ್‌ವೆಲ್ ಪಾಯಿಂಟ್, ಅಂತರ್ಜಲ, ಚೆಕ್‌ಡ್ಯಾಂ ಎಲ್ಲಿ ಕಟ್ಟಬೇಕು ಅನ್ನುವುದು. ನೆಲದೊಳಗೆ ಎಷ್ಟು ಇಳಿಯಿತು ಅನ್ನುವ ಲೆಕ್ಕಕ್ಕೆ ಮೇಲಿಂದ ಎಷ್ಟು ಬಿತ್ತು, ಎಷ್ಟು ಹೊತ್ತಲ್ಲಿ ಬಿತ್ತು ಗೊತ್ತಾಗಬೇಕಲ್ಲ. ಒಂದೇ ಸಂಜೆ 60 ಮಿ.ಮೀ. ಬಡಿದು ಹೋಗುವ ಮಳೆಗೂ, ಆರು ದಿನ ಹತ್ತು ಹತ್ತು ಮಿ.ಮೀ. ಹನಿಯುವ ಮಳೆಗೂ ತಿಂಗಳ ಮೊತ್ತ ಒಂದೇ. ಬಾವಿಗೆ ಒಂದೇ ಅಲ್ಲ.

ಮಾರಿಕಣಿವೆಯನ್ನೇ ತಗೊಳ್ಳಿ. ಅಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು 1907ಕ್ಕೆ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು, ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ. ಊರೂರಿನವರು ಗಾಡಿ ಮಾಡಿಕೊಂಡು ನೋಡಲು ಹೋಗಿದ್ದರು, ನಾನೂ ಹೋಗಿದ್ದೆ. ನನ್ನ ಬಳಿ ಬರುವ ಹುಡುಗರಿಗೆ ಇದನ್ನೇ ಲೆಕ್ಕವಾಗಿ ಕೊಡುತ್ತೇನೆ. ವೇದಾವತಿ ಜಲಾನಯನದ ಚೌಕಗಳ ಮಳೆ ತೆಗೆದು 1933 ಮತ್ತು 2022ನ್ನು ಪಕ್ಕಪಕ್ಕ ಇಡಿ ಅಂತ. ಬರೀ ಮಳೆ ನೋಡಿ 'ಮಳೆ ಬಂತು, ತುಂಬಿತು' ಎಂದು ಬರೆದವನಿಗೆ ಅರ್ಧ ಅಂಕ. ಯಾಕೆಂದರೆ ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಪಂಪಿನಿಂದ ಎತ್ತಿದ ನೀರೂ ಅದಕ್ಕೆ ಬರುತ್ತಿದೆ. 1933ರಲ್ಲಿ ಪಂಪು ಎಲ್ಲಿತ್ತು? ಜೊತೆಗೆ, ನಡುವಿನ ವರ್ಷಗಳಲ್ಲಿ ಮೇಲ್ಗಡೆ ಎಷ್ಟು ಕೆರೆ, ಒಡ್ಡು, ಬೋರು ಬಂದವು ಅನ್ನುವುದೂ ಇದೆ. ಇದನ್ನು ತಿಳಿಯಲು ಮತ್ತೆ ಗುಡ್ಡ ಹತ್ತಲೇಬೇಕು, ಸುತ್ತಿಗೆ ಹಿಡಿದೇ. ನೀವೂ ಒಂದು ದಿನ ಅವರ ಜೊತೆ ಹೋಗಿ ಬನ್ನಿ ಸಾರ್, ಹುಡುಗರಿಗೆ ಖುಷಿಯಾಗುತ್ತದೆ.

ಪ್ರಶ್ನೆ: ನಮ್ಮ ಮಗ ದಾವಣಗೇರಿಲಿ ಡಿಗ್ರಿ ಓದ್ತಾನೆ. ಲ್ಯಾಪ್‌ಟಾಪಲ್ಲಿ ತೋರಿಸ್ದ, ಜೂನ್ 9ಕ್ಕೆ ನಮ್ಮ ಕಡೆ 22 ಮಿ.ಮೀ. ಮಳೆ ಅಂತ. ಅವತ್ತು ನಾನು ಬೆಳಗಿನಿಂದ ಸಂಜೆ ತನಕ ಹೊಲದಲ್ಲೇ ಇದ್ದೆ, ಮೆಕ್ಕೆಜೋಳ ಹಾಕ್ತಿದ್ದೆ. ಒಂದು ಹನಿ ಬಿದ್ದಿಲ್ಲ. ಮಳೆ ಬಂದಿದ್ದು ಹಿಂದಿನ ದಿನ ಸಂಜೆ ಏಳಕ್ಕೆ, ಅದೂ ಪಕ್ಕದೂರಲ್ಲಿ. ಇದನ್ನೇ ಕಾಲೇಜಲ್ಲಿ ಕಲಿಸ್ತಾರಾ?
- ರೈತರು, ಜಗಳೂರು ತಾಲ್ಲೂಕು

ಈ ಸಲ ಬಂದ ಪತ್ರಗಳಲ್ಲಿ ನನಗೆ ಅತೀ ಇಷ್ಟವಾದ ಪತ್ರ ಇದು. ನೀವು ಹೇಳಿದ್ದೂ ಸರಿ, ಮಗನ ಲ್ಯಾಪ್‌ಟಾಪ್ ಹೇಳಿದ್ದೂ ಸರಿ.

ಹವಾಮಾನ ಇಲಾಖೆಯ ಮಳೆ ದಿನ ನಡುರಾತ್ರಿಗೆ ಬದಲಾಗುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಬದಲಾಗುತ್ತದೆ. ಜೂನ್ 9ರ ಬೆಳಿಗ್ಗೆ 8:30ಕ್ಕೆ ಮಾಪಕದ ಹತ್ತಿರ ಹೋಗಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಬಿದ್ದ ನೀರು ಅಳೆದು, ಅದನ್ನು 9ರ ಲೆಕ್ಕಕ್ಕೆ ಬರೆಯುತ್ತಾರೆ. ನೀವು ನೋಡಿದ 8ರ ಸಂಜೆ ಮಳೆ ಪುಸ್ತಕದಲ್ಲಿ 9ಕ್ಕೆ ಬರುತ್ತದೆ. ನಮ್ಮ ಸೀಮೆಯಲ್ಲಿ ಬೇಸಿಗೆ ಮಳೆ, ಮಿರಗದ ಮಳೆ ಎಲ್ಲ ಬಹುಪಾಲು ಸಂಜೆಯ ಗುಡುಗಿನ ಮಳೆಗಳೇ, ಹಾಗಾಗಿ ಇಲ್ಲಿ ಈ ತಾರೀಖಿನ ಗೊಂದಲ ಜಾಸ್ತಿ.

ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ. ಯುರೋಪಿನ ಇಆರ್‌ಎ-5 ಅಂಕಿಯಲ್ಲಿ ಗಡಿಯಾರ ನಮ್ಮದಲ್ಲ, ವಿಶ್ವ ಸಮಯದ್ದು. ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅವರ ದಿನ ಶುರುವಾಗುವುದು ನಮ್ಮ ಬೆಳಗಿನ 5:30ಕ್ಕೆ. ಅದೇ 8ನೇ ತಾರೀಖಿನ ಸಂಜೆ ಮಳೆ ಅಲ್ಲಿ 8ಕ್ಕೇ ಇರುತ್ತದೆ, ಐಎಂಡಿಯಲ್ಲಿ 9ಕ್ಕೆ. ಎರಡನ್ನೂ ಹಾಗೇ ತಾರೀಖು ನೋಡಿ ಹೋಲಿಸಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ, ಒಬ್ಬ ಹುಡುಗ ನನ್ನ ಮುಂದೆಯೇ ಹಾಗೆ ಹೋಲಿಸಿ 'ಈ ಡೇಟಾ ದಂಡ ಸಾರ್' ಎಂದು ತೀರ್ಮಾನ ಬರೆದುಬಿಟ್ಟಿದ್ದ. ಗಂಟೆಗಂಟೆಯ ಅಂಕಿಯಲ್ಲಿ ಹಿಂದಿನ ದಿನದ ವಿಶ್ವ ಸಮಯ 4 ಗಂಟೆಯದ್ದರಿಂದ ಹಿಡಿದು ಆ ದಿನದ 3 ಗಂಟೆಯದ್ದರವರೆಗೆ ಇಪ್ಪತ್ತನಾಲ್ಕನ್ನೂ ಕೂಡಬೇಕು, ಆಗ ನಮ್ಮ ಎಂಟೂವರೆಯ ದಿನ ಸಿಗುತ್ತದೆ. ಹಾಗೆ ಮಾಡಿಸಿದೆ. ತೀರ್ಮಾನದ ಪುಟ ಹರಿದು ಹಾಕಿದ. ನಾಸಾ ಪವರ್‌ನಲ್ಲೂ ಸಮಯ ಯಾವುದು ಅಂತ ಆರಿಸುವ ಕಡೆ ಒಂದು ಸಲ ಕಣ್ಣು ಹಾಯಿಸಲಿ.

ಇನ್ನು ಪಕ್ಕದೂರಲ್ಲಿ ಬಿತ್ತು, ನಿಮ್ಮಲ್ಲಿ ಬೀಳಲಿಲ್ಲ ಅನ್ನುವುದು. ಕಾಲು ಡಿಗ್ರಿಯ ಚೌಕ ಅಂದರೆ ನಮ್ಮ ಕಡೆ ಸುಮಾರು 27 ಕಿ.ಮೀ. ಉದ್ದ, ಅಷ್ಟೇ ಅಗಲ. ಸುಮಾರು 745 ಚದರ ಕಿ.ಮೀ.ಗೆ ಒಂದೇ ಸಂಖ್ಯೆ. ಸುತ್ತಮುತ್ತಲ ಮಾಪಕಗಳಲ್ಲಿ ಹತ್ತಿರದ್ದಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಟ್ಟು ಆ ಸಂಖ್ಯೆ ಮಾಡಿರುತ್ತಾರೆ. ಗುಡುಗಿನ ಮಳೆಗೆ ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ಒಣಗೇ ಇರುತ್ತದೆ ಅಂತ ನೀವೇ ಹೇಳುತ್ತೀರಿ, ಅಂಥ ಮಳೆಗೆ ಇಷ್ಟು ದೊಡ್ಡ ಚೌಕ. 22 ಅನ್ನುವುದು ನಿಮ್ಮ ಹೊಲದ ಮಾತಲ್ಲ, ಆ ಸೀಮೆಯ ಸರಾಸರಿ ಮಾತು. ಬೆಳೆ ವಿಮೆ ಗಲಾಟೆಯಲ್ಲೂ ಅರ್ಧ ಜಗಳ ಇಲ್ಲಿಂದಲೇ ಹುಟ್ಟುವುದು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮಗನನ್ನು ಬೈಯಬೇಡಿ. ಅಪ್ಪನ ಹತ್ತಿರ ಕೇಳಿ ಒಂದು ವರ್ಷದ ಮಳೆ ಡೈರಿ ಬರೆದುಕೊಂಡು, ಅದನ್ನು ಚೌಕದ ಅಂಕಿ ಜೊತೆ ಇಟ್ಟು ನೋಡು ಅನ್ನಿ. ಅದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಯಾವ ವಿಶ್ವವಿದ್ಯಾಲಯದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಪೇಟೆಯ ಕಾಲೇಜು. ಲ್ಯಾಬಿನಲ್ಲಿ ನಾಲ್ಕು ಕಂಪ್ಯೂಟರು ಓಡುತ್ತವೆ, ಮಕ್ಕಳು ನಲವತ್ತು. ಇಂಟರ್‌ನೆಟ್ ಬಂದಾಗ ಬಂತು. ಇದರಲ್ಲಿ ಹೇಗೆ ಕಲಿಸುವುದು?
- ಉಪನ್ಯಾಸಕಿ, ಚಳ್ಳಕೆರೆ ಹತ್ತಿರದಿಂದ

ನನ್ನ ಅನುಭವ ಹೇಳುತ್ತೇನೆ ಮೇಡಂ, ನಗಬೇಡಿ. ನಾನಿದ್ದ ಒಂದು ಕಾಲೇಜಿನಲ್ಲಿ (ಹೆಸರು ಬೇಡ) ಕಂಪ್ಯೂಟರ್ ರೂಮಿಗೆ ಯಾವಾಗಲೂ ಬೀಗ. ಚಪ್ಪಲಿ ಹೊರಗೆ ಬಿಡಬೇಕು, ಪರದೆ ಎಳೆದಿರಬೇಕು, ಗರ್ಭಗುಡಿಯ ಹಾಗೆ. ಮೊದಲ ದಿನ ಪಾಠಕ್ಕೆ ಹೋದರೆ ಬೀಗದ ಕೈ ಇದ್ದವರು ಮದುವೆಗೆ ಹೋಗಿದ್ದರು. ಎರಡನೇ ದಿನ ಬೀಗ ತೆಗೆಸಿ, ಮೂರು ಆಯಾಮದ ದೊಡ್ಡ ಸಾಫ್ಟ್‌ವೇರ್ ಹಾಕಲು ಹೋದೆ. ಹಳೇ ಯಂತ್ರ, ಎರಡು ಗಂಟೆ ಗರ್ ಅಂತ ತಿರುಗಿ ನಿಂತುಹೋಯಿತು. ಮೂರನೇ ದಿನ ಕರೆಂಟಿಲ್ಲ. ಒಂದು ವಾರದಲ್ಲಿ ಮಕ್ಕಳು ಕಲಿತದ್ದು ಇನ್‌ಸ್ಟಾಲ್ ಅನ್ನುವ ಪದ ಒಂದೇ. ಆಮೇಲೆ ನಾನು ಎಲ್ಲ ತಿರುಗಿಸಿ ಮಾಡಿದೆ.

ಅಂಕಿ ಮೊದಲೇ ಇಳಿಸಿ ಪೆನ್‌ಡ್ರೈವಲ್ಲಿ ಇಟ್ಟುಕೊಳ್ಳಿ. ಹತ್ತು ವರ್ಷದ್ದು ಸಾಕು, 250 ಎಂಬಿ. ಮೊದಲ ತರಗತಿಗೆ ಕಂಪ್ಯೂಟರೇ ಬೇಡ. ನಿಮ್ಮ ಚೌಕದ ಒಂದು ವರ್ಷದ 365 ಸಂಖ್ಯೆ ಜೆರಾಕ್ಸ್ ಮಾಡಿಸಿ ಹಂಚಿ, 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನಗಳಿಗೆ ಪೆನ್ಸಿಲಲ್ಲಿ ಸುತ್ತು ಹಾಕಿಸಿ. ಐಎಂಡಿ ಲೆಕ್ಕದಲ್ಲಿ ಅದು ಮಳೆ ದಿನ. ಚಳ್ಳಕೆರೆಯ ಹಾಳೆಯಲ್ಲಿ ಸುತ್ತುಗಳು ಎಷ್ಟು ಕಡಿಮೆ ಅಂತ ನೋಡಿ ಮಕ್ಕಳು ತಾವೇ ಮಾತಾಡಲು ಶುರು ಮಾಡುತ್ತಾರೆ. ಪಕ್ಕದಲ್ಲಿ ಆಗುಂಬೆಯ ಚೌಕದ ಹಾಳೆ ಇಡಿ. ನೇರ ಗೆರೆ ಎಳೆದರೆ ಇನ್ನೂರು ಕಿ.ಮೀ. ಕೂಡ ಇಲ್ಲ. ಆಗುಂಬೆ ಊರಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ. ದಾಟುತ್ತದೆ, ಇಲ್ಲಿ ಐದುನೂರು ಬಂದರೆ ಹಬ್ಬ. ಘಟ್ಟದ ಮಳೆ ನೆರಳು ಅಂತ ಬೋರ್ಡ್ ಮೇಲೆ ಬರೆಯುವುದೇ ಬೇಕಾಗುವುದಿಲ್ಲ.

ಎರಡನೇ ತರಗತಿಗೆ ಪ್ಯಾನೊಪ್ಲಿ, ಒಂದು ಯಂತ್ರಕ್ಕೆ ಹತ್ತು ಜನ. ಒಬ್ಬರು ಮೌಸ್ ಹಿಡಿಯಲಿ, ಒಂಬತ್ತು ಜನ ಜಗಳ ಆಡಲಿ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು, ಮೊಬೈಲಲ್ಲಿ ನೆಟ್ ಇರುವವರು ಗೂಗಲ್ ಕೊಲಾಬ್ ಬಳಸಬಹುದು. ಅದು ಇಂಟರ್‌ನೆಟ್ಟಿನಲ್ಲೇ ಕೋಡ್ ಬರೆದು ಓಡಿಸುವ ತಾಣ, ಲೆಕ್ಕ ನಡೆಯುವುದು ಗೂಗಲ್‌ನವರ ಯಂತ್ರದಲ್ಲಿ, ನಿಮ್ಮ ಹಳೇ ಯಂತ್ರ ಬರೀ ಕಿಟಕಿ.

ಪ್ರಶ್ನೆ: ಪೈಥಾನ್ ಕಲಿಯದೆ ಆಗಲ್ವಾ?

ಬಿ.ಎಸ್ಸಿ.ಗೆ ಆಗುತ್ತದೆ. ಎಂ.ಎಸ್ಸಿ.ಗೆ ಕಷ್ಟ. ಪಿಎಚ್‌.ಡಿ.ಗೆ ಆಗಲ್ಲ.

ಪ್ರಶ್ನೆ: ಎಐ ಬಳಿ ಕೇಳಿದರೆ ಒಂದು ನಿಮಿಷದಲ್ಲಿ ಕೋಡ್ ಬರೆದು ಕೊಡುತ್ತದೆ. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?
- ಎಂ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ

ಬರೆಸಿಕೋ, ನಾನು ಬೇಡ ಅನ್ನಲ್ಲ. ನಾನೂ ಬರೆಸಿಕೊಳ್ಳುತ್ತೇನೆ. ಆದರೆ ಈ ಕಥೆ ಕೇಳು.

ಒಬ್ಬ ಹುಡುಗ ಹಾಗೇ ಬರೆಸಿಕೊಂಡ ಕೋಡಿನಿಂದ ಇಆರ್‌ಎ-5 ತೆರೆದು ಚಿತ್ರದುರ್ಗದ ಒಂದು ವರ್ಷದ ಮಳೆ ಗ್ರಾಫ್ ತಂದಿದ್ದ. ಜನವರಿಯಿಂದ ಡಿಸೆಂಬರ್‌ವರೆಗೆ ಗೆರೆ ಸೊನ್ನೆಯ ಮೇಲೆ ನೆಟ್ಟಗೆ ಮಲಗಿದೆ. ಕೆಳಗೆ ಬರೆದಿದ್ದ, 'ಈ ವರ್ಷ ತೀವ್ರ ಬರ'. ಪಕ್ಕದಲ್ಲಿ ಕೂತಿದ್ದ ಇಬ್ಬರು ಮೇಷ್ಟ್ರು ತಲೆ ಆಡಿಸಿದರು ಕಣ್ರೀ, ಚಿತ್ರದುರ್ಗ ಅಲ್ವಾ, ಇದ್ದರೂ ಇರಬಹುದು ಅಂತ!

ಆಗಿದ್ದು ಇಷ್ಟು. ಆ ಫೈಲಿನಲ್ಲಿ ಅಕ್ಷಾಂಶ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. 15 ಮೊದಲು, 14 ಆಮೇಲೆ. ಕೋಡ್ '14ರಿಂದ 15ರವರೆಗೆ ಕೊಡು' ಅಂತ ಕೇಳಿತ್ತು. ಎಕ್ಸ್‌ಅರೇ ಎಂಬ ಪೈಥಾನ್ ಸಾಧನ ಆ ಕ್ರಮದಲ್ಲಿ ಏನೂ ಸಿಗಲಿಲ್ಲ ಅಂತ ಖಾಲಿ ತುಂಡು ಕೊಟ್ಟಿತು. ತಪ್ಪು ಅಂತ ಕೆಂಪು ಅಕ್ಷರ ಬರಲಿಲ್ಲ. ಖಾಲಿಯನ್ನು ಕೂಡಿದರೆ ಎಷ್ಟು? ಸೊನ್ನೆ. 15 ಮತ್ತು 14 ಅದಲು ಬದಲು ಮಾಡಿದ ಕೂಡಲೇ ಮಳೆ ಬಂತು.

ಮಳೆ ಬಂದ ಮೇಲೂ ಮುಗಿಯಲಿಲ್ಲ. ಅಂಕಿ ಎಲ್ಲ 0.00 ಏನೋ ಅಂತ ಬರುತ್ತಿದ್ದವು, ಯಾಕೆಂದರೆ ಅಲ್ಲಿ ಮಳೆಯ ಅಳತೆ ಮೀಟರಿನಲ್ಲಿ. ಸಾವಿರದಿಂದ ಗುಣಿಸಬೇಕು. ಉಷ್ಣಾಂಶ ಕೆಲ್ವಿನ್‌ನಲ್ಲಿ, 273.15 ಕಳೆಯಬೇಕು, ಇಲ್ಲದಿದ್ದರೆ ಹಿರಿಯೂರಿನಲ್ಲಿ ಮುನ್ನೂರು ಡಿಗ್ರಿ ಬಿಸಿಲು. ಐಎಂಡಿಯ ಫೈಲಿನಲ್ಲಿ ಅಂಕಿ ಇಲ್ಲದ ಕಡೆ ಮೈನಸ್ 999 ಇರುತ್ತದೆ, ಅದನ್ನು ತೆಗೆಯದೆ ಸರಾಸರಿ ಹಾಕಿದರೆ ಆಕಾಶ ನೆಲದಿಂದ ನೀರು ಹೀರಿಕೊಂಡಿತು ಅನ್ನುವ ಹಾಗೆ ಮೈನಸ್ ಮಳೆ ಬರುತ್ತದೆ. ಕೋಡ್ ಯಾರು ಬೇಕಾದರೂ ಬರೆಯಲಿ ಕಣಪ್ಪ, ಗ್ರಾಫ್ ನೋಡಿ 'ಇದು ನಮ್ಮೂರ ಮಳೆಯಲ್ಲ' ಅನ್ನಬೇಕಾದವನು ನೀನು. ನಿಮ್ಮಜ್ಜಿ ಆ ಗ್ರಾಫ್ ನೋಡಿದ್ದರೆ ಎರಡು ಸೆಕೆಂಡಿನಲ್ಲಿ ಹಿಡಿಯುತ್ತಿದ್ದರು.

ಪ್ರಶ್ನೆ: ನೀವು ಎಲ್ಲೋ ಭಾಷಣದಲ್ಲಿ, ಮಳೆ ನಕ್ಷತ್ರಗಳನ್ನು ಕಾಲೇಜಲ್ಲಿ ಪಾಠಕ್ಕೆ ತಗೊಳ್ಳಿ ಅಂದಿರಂತೆ. ಒಂದು ಕಡೆ ಉಪಗ್ರಹ, ಇನ್ನೊಂದು ಕಡೆ ಪಂಚಾಂಗ. ಇದು ಮೂಢನಂಬಿಕೆ ಅಲ್ವಾ?
- ವಿಜ್ಞಾನ ಶಿಕ್ಷಕರು, ಹೊಸದುರ್ಗ

ಅಂದಿದ್ದು ನಿಜ, ಈಗಲೂ ಅನ್ನುತ್ತೇನೆ. ಭವಿಷ್ಯ ಹೇಳಲು ಅಲ್ಲ ಸಾರ್, ವರ್ಷವನ್ನು ಕತ್ತರಿಸಲು.

ನಾವು ಗ್ರಾಫ್ ಮಾಡುವಾಗ ಮಳೆಯನ್ನು ಜೂನ್, ಜುಲೈ ಅಂತ ತಿಂಗಳಿಗೆ ಕತ್ತರಿಸುತ್ತೇವೆ. ಮೋಡಕ್ಕೆ ಜೂನ್ 30 ಗೊತ್ತಾ? ರೈತರು ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಕತ್ತರಿಸುತ್ತಾರೆ. ವರ್ಷಕ್ಕೆ 27 ತುಂಡು. ಬಿತ್ತನೆ, ಕಳೆ, ಕಟಾವು ನೋಡಲು ತಿಂಗಳಿಗಿಂತ ಇದು ಸಣ್ಣ ಕತ್ತರಿ, ಒಳ್ಳೆ ಕತ್ತರಿ. ದಿನದ ಮಳೆ ನಮ್ಮ ಕೈಲಿದೆಯಲ್ಲ, ಬೇಕಾದ ಹಾಗೆ ಕೂಡಬಹುದು.

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅಂತ ಗಾದೆ ಇದೆ. ಭರಣಿ ಬೀಳುವುದು ಏಪ್ರಿಲ್ ಕೊನೆಯಲ್ಲಿ. ಭರಣಿ ಚೆನ್ನಾಗಿ ಆದ ವರ್ಷ ಮುಂದಿನ ಮಳೆಗಳೂ ಚೆನ್ನಾಗಿ ಆದವಾ? ನೂರಕ್ಕೂ ಹೆಚ್ಚು ವರ್ಷದ ಅಂಕಿ ಇದೆ, ಹುಡುಗರು ಲೆಕ್ಕ ಹಾಕಲಿ. ಗಾದೆ ಗೆದ್ದರೆ ಗೆಲ್ಲಲಿ, ಸೋತರೆ ಸೋಲಲಿ. ಗಾದೆಯನ್ನು ಪರೀಕ್ಷೆಗೆ ಕೂರಿಸುವುದು ಮೂಢನಂಬಿಕೆ ಹೇಗಾಗುತ್ತದೆ?

ಚಳ್ಳಕೆರೆ ಕಡೆಯ ಚೌಕಕ್ಕೆ ಈ ಲೆಕ್ಕ ಹಾಕಿಸಿದರೆ ಚೆಂದದ ಚಿತ್ರ ಬರುತ್ತದೆ. ಮುಂಗಾರಿನ ನಡುವಿನ ಪುನರ್ವಸು, ಪುಷ್ಯ ಸಪ್ಪೆ. ಉತ್ತರೆ, ಹಸ್ತೆ, ಚಿತ್ತೆ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೂರನೇ ವಾರದವರೆಗೆ, ಗೆರೆ ಮೇಲೇಳುತ್ತದೆ. ಅದೇ ಮಲೆನಾಡಿನ ಚೌಕಕ್ಕೆ ಹೋದರೆ ಚಿತ್ರ ತಲೆಕೆಳಗು, ಪುನರ್ವಸು ಪುಷ್ಯದಲ್ಲೇ ಅಬ್ಬರ. ಶೇಂಗಾ ಬೆಳೆಯುವವರು ಹಿಂಗಾರಿನ ಕಡೆ ಯಾಕೆ ಕಣ್ಣು ನೆಟ್ಟು ಕೂರುತ್ತಾರೆ ಅನ್ನುವುದು ಪುಸ್ತಕ ಇಲ್ಲದೆ ಗೊತ್ತಾಗುತ್ತದೆ.

ಇನ್ನೊಂದು ಸ್ವಾರಸ್ಯ ನಿಮಗೇ ಅಂತ ಉಳಿಸಿದ್ದೆ, ವಿಜ್ಞಾನದ ಮೇಷ್ಟ್ರಲ್ವಾ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುತ್ತದೆ. ಅದರಿಂದ ಸೂರ್ಯ ಒಂದು ನಕ್ಷತ್ರಕ್ಕೆ ಬರುವ ತಾರೀಖು ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದೆ ಜಾರುತ್ತದೆ. 1901ರ ಆರಿದ್ರೆಗೂ ಈಗಿನ ಆರಿದ್ರೆಗೂ ಒಂದೂಮುಕ್ಕಾಲು ದಿನದ ವ್ಯತ್ಯಾಸ. ಆದರೆ ಮುಂಗಾರು ಋತುವಿನ ಜೊತೆ ನಡೆಯುತ್ತದೆ, ನಕ್ಷತ್ರದ ಜೊತೆ ಅಲ್ಲ. ನೂರು ವರ್ಷದ ಲೆಕ್ಕಕ್ಕೆ ಇದು ದೊಡ್ಡದಲ್ಲ. ಸಾವಿರ ವರ್ಷಕ್ಕೆ ಒಂದು ಪೂರ್ತಿ ನಕ್ಷತ್ರವೇ ಜಾರಿರುತ್ತದೆ. ಹಾಗಾದರೆ ನಮ್ಮ ಗಾದೆಗಳ ವಯಸ್ಸೆಷ್ಟು? ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟು ನೋಡಿ, ಗಂಟೆ ಹೊಡೆದರೂ ಏಳುವುದಿಲ್ಲ.

ಪ್ರಶ್ನೆ: ಅಜ್ಜಾ, ನಾನು ಒಂಬತ್ತನೇ ಕ್ಲಾಸು. ಅಕ್ಕ ಕಾಲೇಜಲ್ಲಿ ಮಳೆ ಫೈಲು ನೋಡ್ತಾಳೆ. ನನ್ನ ಹತ್ರ ಕಂಪ್ಯೂಟರ್ ಇಲ್ಲ. ನಾನೂ ಮಳೆ ಅಳೀಬಹುದಾ?
- ಭರಮಸಾಗರದಿಂದ ಒಬ್ಬ ಪುಟ್ಟಿ

ಅಳೀಬಹುದು ಪುಟ್ಟಿ. ಕೆಳಗೂ ಮೇಲೂ ಒಂದೇ ಅಗಲ ಇರುವ, ತಳ ಸಮ ಇರುವ ಡಬ್ಬಿ ಹುಡುಕು. ಸೊಂಟ ಸಣ್ಣ ಇರುವ ಬಾಟಲಿ ಬೇಡ. ಮರ, ಸೂರು, ಟ್ಯಾಂಕು ದೂರ ಇರುವ ಬಯಲಲ್ಲಿ, ಗಾಳಿಗೆ ಬೀಳದ ಹಾಗೆ ಎರಡು ಇಟ್ಟಿಗೆ ನಡುವೆ ಇಡು. ದಿನಾ ಬೆಳಿಗ್ಗೆ ಎಂಟೂವರೆಗೆ, ಸ್ಕೂಲಿಗೆ ಹೊರಡುವ ಮುಂಚೆ, ಸ್ಕೇಲ್ ಇಟ್ಟು ನೀರು ಎಷ್ಟು ಮಿಲಿಮೀಟರ್ ಎತ್ತರ ಇದೆ ನೋಡು. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ಅಂಗಳಕ್ಕೆ ಒಂದು ಲೀಟರ್ ನೀರು. ಬರೆದು, ಚೆಲ್ಲಿ, ಮತ್ತೆ ಇಡು.

ಮಳೆ ಬರದ ದಿನವೂ ಹೋಗಿ ನೋಡಿ ಸೊನ್ನೆ ಅಂತ ಬರಿ, ಖಾಲಿ ಬಿಡಬೇಡ. ಅಜ್ಜಿ ಊರಿಗೆ ಹೋಗಿ ಎರಡು ದಿನ ಅಳೆಯಲಿಲ್ಲ ಅಂದುಕೋ, ಆಗ ಮಾತ್ರ ಸೊನ್ನೆ ಬರೆಯಬೇಡ. 'ಊರಲ್ಲಿ ಇರಲಿಲ್ಲ' ಎಂದು ಬರಿ. ಇದನ್ನು ನಿಮ್ಮಕ್ಕನಿಗೂ ಹೇಳು.